ಒಂದು ಕರಟ ಸೊಪ್ಪು

ಹೋದ ವಾರ ನಮ್ಮ ಹುಳಿಯಾರಿನ ಸಂತೆಯಲ್ಲಿ ಒಂದು ವಿಚಿತ್ರ ನೋಡಿದೆ, ಮಕ್ಕಳೇ. ನಮ್ಮ ಬೀದಿಯ ಹಿರಿಯರೊಬ್ಬರಿದ್ದಾರೆ. ಇಷ್ಟು ವರ್ಷ ಸಂತೆಗೆ ಬಂದರೆ ಮೊದಲು ಸೊಪ್ಪಿನ ಸಾಲಿಗೇ ಹೋಗುತ್ತಿದ್ದವರು. ಕೀರೆ, ದಂಟು, ಸಬ್ಬಸಿಗೆ, ಮೆಂತ್ಯ, ಹೊನಗೊನ್ನೆ ಎಲ್ಲ ಗೋಣಿತಾಟಿನ ಮೇಲೆ ಹಸಿರಾಗಿ ಹರಡಿದ್ದರೂ ಅವರು ಅತ್ತ ತಿರುಗಲಿಲ್ಲ. ಆಲೂಗಡ್ಡೆ, ಬದನೆಕಾಯಿ ಚೀಲಕ್ಕೆ ಹಾಕಿಸಿಕೊಂಡು ಹೊರಟೇಬಿಟ್ಟರು.

"ಏನಣ್ಣಯ್ಯ, ಸೊಪ್ಪಿನ ಮೇಲೆ ಮುನಿಸಾ?" ಅಂದೆ.

"ಇನ್ನೆಲ್ಲಿ ಸೊಪ್ಪು ಟೀಚರಮ್ಮ! ಹಾರ್ಟ್ ಆಪರೇಷನ್ ಆಯ್ತಲ್ಲ, ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಟ್ಟವ್ರೆ. ಸೊಪ್ಪು ಮುಟ್ಟಂಗಿಲ್ಲ."

"ಹಂಗಂತ ಡಾಕ್ಟ್ರು ಹೇಳಿದ್ರಾ?"

ಅವರು ಸ್ವಲ್ಪ ಯೋಚಿಸಿದರು. "ಡಾಕ್ಟ್ರಲ್ಲ. ನಮ್ಮ ಅಳಿಯ ಫೋನಿನಾಗೆ ನೋಡಿ ಹೇಳ್ದ."

ಮೂರು ತಿಂಗಳಿಂದ ಒಂದು ಎಲೆ ಸೊಪ್ಪೂ ಅವರ ಬಾಯಿಗೆ ಹೋಗಿಲ್ಲವಂತೆ. ಬಸ್ಸಾರಿಲ್ಲದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಅದಕ್ಕೇ ಊಟವೂ ಅರ್ಧಕ್ಕೆ ಬಂದಿದೆ ಅಂದರು. ನನಗೆ ನಗು ಬರಲಿಲ್ಲ. ಆರು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿ ಎರಡು ಸಲ ಪೆಟ್ಟು ತಿಂದಿದ್ದೇನೆ. ಈ ವಾರ ಆ ಕತೆ ಹೇಳುತ್ತೇನೆ. ಅಜ್ಜಿ ತಾತಂದಿರು ಓದಿ, ಮೊಮ್ಮಕ್ಕಳೂ ಓದಿ. ಮನೆಯಲ್ಲಿ ಇಂಥ ಮಾತ್ರೆ ನುಂಗುವವರು ಇದ್ದರಂತೂ ಒಟ್ಟಿಗೆ ಕೂತು ಓದಿ.

ನನ್ನ ಎದೆಯೊಳಗೆ ಒಂದು ಗಡಿಯಾರ ಇದೆ ಅಂತ ನನ್ನ ಮೊಮ್ಮಗಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ರಾತ್ರಿ ದೀಪ ಆರಿಸಿ ಮಲಗಿದಾಗ, ಊರೆಲ್ಲ ಸದ್ದಡಗಿದ ಮೇಲೆ, ಪಕ್ಕದಲ್ಲಿ ಮಲಗಿದವರಿಗೆ 'ಟಿಕ್ ಟಿಕ್' ಕೇಳುತ್ತದೆ. ಅವಳ ಗೆಳತಿಯೊಬ್ಬಳು ಮನೆಗೆ ಬಂದು, "ಅಜ್ಜಿ, ವಾಚು ನುಂಗಿಬಿಟ್ರಾ?" ಅಂತ ಕೇಳಿದಳು. ವಾಚಲ್ಲ ಮಗಳೇ, ವಾಲ್ವು.

ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ನೀರು ಮೇಲಕ್ಕೆ ಹೋಗಲು ಬಿಡುತ್ತದೆ, ಕೆಳಕ್ಕೆ ಬರಲು ಬಿಡುವುದಿಲ್ಲ. ಅದು ಕೆಟ್ಟರೆ ಮೋಟಾರು ಎಷ್ಟು ಓಡಿದರೂ ತೆಂಗಿನ ಬುಡಕ್ಕೆ ನೀರು ಬಾರದು. ಹೃದಯದಲ್ಲೂ ಅಂಥ ನಾಲ್ಕು ಕವಾಟಗಳಿವೆ. ನನ್ನ ಒಂದು ಕವಾಟ ಕೆಟ್ಟಿತ್ತು. ಕೆಟ್ಟಿದ್ದು ಮುದುಕಿಯಾದ ಮೇಲೆ ಅಲ್ಲ, ನಿಮ್ಮ ವಯಸ್ಸಿನಲ್ಲೇ. ಐದನೇ ಕ್ಲಾಸಿನಲ್ಲಿದ್ದಾಗ ಗಂಟಲು ನೋವು ಬಂತು, ಉಪ್ಪು ನೀರು ಮುಕ್ಕಳಿಸಿ ಸುಮ್ಮನಾದೆವು. ಎರಡು ಮೂರು ವಾರ ಕಳೆದ ಮೇಲೆ ಜ್ವರ, ಮಂಡಿ ಕೀಲು ಮೊಣಕೈ ಕೀಲು ಒಂದಾದ ಮೇಲೊಂದು ಊದಿಕೊಂಡವು. ಅದಕ್ಕೆ ರುಮ್ಯಾಟಿಕ್ ಜ್ವರ ಅಂತ ಹೆಸರು. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣು ಗಂಟಲಿಗೆ ಬರುತ್ತದೆ. ಅದರ ಮೇಲೆ ಯುದ್ಧಕ್ಕೆ ಹೊರಟ ನಮ್ಮ ಮೈಯ ಸೈನ್ಯವೇ ದಾರಿ ತಪ್ಪಿ ಹೃದಯದ ಕವಾಟಕ್ಕೂ ಹೊಡೆಯುತ್ತದೆ. ಕೀಲುನೋವು ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಆದ್ದರಿಂದ ಗಂಟಲು ನೋವಿನ ಜೊತೆ ಜ್ವರ ಬಂದರೆ ಶಾಲೆ ತಪ್ಪಿಸಲು ನೆಪ ಅಂತ ಯಾರಾದರೂ ಅಂದರೂ ಪರವಾಗಿಲ್ಲ, ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಸಮಯಕ್ಕೆ ಸರಿಯಾಗಿ ಕೊಟ್ಟ ಪೆನಿಸಿಲಿನ್ ಆ ಯುದ್ಧವನ್ನೇ ತಪ್ಪಿಸುತ್ತದೆ.

ಸರಿ, ಆ ಗಾಯ ಹೊತ್ತುಕೊಂಡೇ ಓದಿದೆ, ಮದುವೆಯಾದೆ, ಮೂವತ್ತು ವರ್ಷ ಪಾಠ ಮಾಡಿದೆ. ನಿವೃತ್ತಿಯಾದ ಮೇಲೆ ಮನೆ ಮುಂದಿನ ನಾಲ್ಕು ಮೆಟ್ಟಿಲು ಹತ್ತುವುದಕ್ಕೂ ಏದುಸಿರು ಬರತೊಡಗಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಕವಾಟ ಬದಲಾಯಿಸಿದರು. ಹಾಕಿದ್ದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾಕ್ಟರ್ ಎಂ.ಎಸ್. ವಲಿಯತ್ತಾನ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ್ದು. ಹೊರದೇಶದ ವಾಲ್ವಿಗೆ ಬಡವರು ಎಲ್ಲಿಂದ ದುಡ್ಡು ತರಬೇಕು ಅನ್ನುವುದು ಅವರ ಚಿಂತೆ. ಮೊದಮೊದಲು ಮಾಡಿದ ಮಾದರಿಗಳು ಸೋತವು. ಕೊನೆಗೂ ಗೆದ್ದ ವಾಲ್ವನ್ನು ಮೊದಲು ಮನುಷ್ಯರಿಗೆ ಅಳವಡಿಸಿದ್ದು 1990ರ ಡಿಸೆಂಬರ್‌ನಲ್ಲಿ. ಲೋಹದ ಒಂದು ಉಂಗುರ, ಅದರೊಳಗೆ ಓರೆಯಾಗಿ ತೆರೆದು ಮುಚ್ಚುವ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ, ಅಷ್ಟೇ. ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದರು, 2024ರ ಜುಲೈಯಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಆ ಸುದ್ದಿ ಪೇಪರಿನಲ್ಲಿ ಓದಿದ ದಿನ ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈ ಬಿಲ್ಲೆಗೊಂದು ತೊಂದರೆ ಇದೆ. ರಕ್ತಕ್ಕೆ ಹೊರಗಿನ ವಸ್ತು ತಾಗಿದರೆ ಹೆಪ್ಪುಗಟ್ಟುವ ಸ್ವಭಾವ. ಉಂಗುರದ ಸಂದಿಯಲ್ಲಿ ಒಂದು ಸಣ್ಣ ಹೆಪ್ಪು ಕೂತರೆ ಬಿಲ್ಲೆ ಸಿಕ್ಕಿಹಾಕಿಕೊಳ್ಳಬಹುದು. ಅಥವಾ ಆ ಹೆಪ್ಪು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದಕ್ಕೇ ಇಂಥ ವಾಲ್ವ್ ಹಾಕಿಸಿಕೊಂಡವರು ಬದುಕಿರುವವರೆಗೂ ಮಾತ್ರೆ ನುಂಗಬೇಕು. ವಾರ್ಫರಿನ್ ಅಂತ ಒಂದು, ಅಸೆನೊಕೌಮರಾಲ್ ಅಂತ ಅದರ ದಾಯಾದಿ ಇನ್ನೊಂದು. ನಮ್ಮ ಕಡೆ ಎರಡನ್ನೂ ಕೊಡುತ್ತಾರೆ. 'ರಕ್ತ ತೆಳ್ಳಗಾಗುವ ಮಾತ್ರೆ' ಅಂತ ಬಾಯಿಮಾತಿಗೆ ಹೇಳುತ್ತೇವೆಯೇ ಹೊರತು ಸಾರಿಗೆ ನೀರು ಬೆರೆಸಿದ ಹಾಗೆ ರಕ್ತವೇನೂ ತೆಳ್ಳಗಾಗುವುದಿಲ್ಲ. ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅಷ್ಟೇ.

ಈ ಮಾತ್ರೆ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ ಅಂದರೆ ನಂಬುತ್ತೀರಾ? ಸುಮಾರು ನೂರು ವರ್ಷದ ಹಿಂದೆ, ಕೆನಡಾದಲ್ಲೂ ಅಮೆರಿಕದ ಉತ್ತರ ಭಾಗದಲ್ಲೂ ದನಗಳು ಸಣ್ಣ ಗಾಯಕ್ಕೇ ರಕ್ತ ನಿಲ್ಲದೆ ಸಾಯತೊಡಗಿದವು. ನಮ್ಮ ಕುದುರೆಮಸಾಲೆಯ ಬಳಗಕ್ಕೆ ಸೇರಿದ ಕ್ಲೋವರ್ ಎಂಬ ಮೇವನ್ನು ಒಣಗಿಸಿ ಇಡುವಾಗ ಬೂಷ್ಟು ಹಿಡಿದಿತ್ತು, ಅದನ್ನೇ ಅವು ತಿಂದಿದ್ದವು. 1933ರ ಫೆಬ್ರವರಿಯಲ್ಲಿ ಒಬ್ಬ ರೈತ ಸತ್ತ ಕಡಸು, ಒಂದಷ್ಟು ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಇಷ್ಟನ್ನೂ ಗಾಡಿಗೆ ಹೇರಿಕೊಂಡು, ಹಿಮ ಸುರಿಯುವ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಬಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಮುಂದಿಟ್ಟ. ಆ ಮೇವಿನಲ್ಲಿದ್ದ ವಸ್ತು ಯಾವುದು ಅಂತ ಬೇರ್ಪಡಿಸಿ ಕಂಡುಹಿಡಿಯಲು ಲಿಂಕ್ ಮತ್ತು ಅವರ ಹುಡುಗರಿಗೆ ಆರು ವರ್ಷ ಹಿಡಿಯಿತು. ಅದರ ಆಧಾರದ ಮೇಲೆ ಮಾಡಿದ ವಾರ್ಫರಿನ್ 1948ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ! ಮನುಷ್ಯರಿಗೆ ಔಷಧಿಯಾದದ್ದು 1954ರಲ್ಲಿ. ಮರು ವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಕೊಟ್ಟರು. ಈ ಕತೆ ಕೇಳಿದಾಗಿನಿಂದ ನನ್ನ ಮೊಮ್ಮಗಳು ರಾತ್ರಿ ಮಾತ್ರೆ ತಂದುಕೊಡುವಾಗ, "ಇಲಿಯಮ್ಮ, ತಗೊಳ್ಳಿ" ಅನ್ನುತ್ತಾಳೆ. ಇಲಿಗೆ ವಿಷ, ನನಗೆ ಜೀವ. ವ್ಯತ್ಯಾಸವಿರುವುದು ಅಳತೆಯಲ್ಲಿ.

ಇನ್ನು ಸೊಪ್ಪಿನ ಪಾತ್ರ. ರಕ್ತ ಹೆಪ್ಪುಗಟ್ಟಿಸುವ ಸಾಮಾನುಗಳಲ್ಲಿ ಕೆಲವನ್ನು ನಮ್ಮ ಪಿತ್ತಜನಕಾಂಗ ತಯಾರಿಸಬೇಕಾದರೆ ಅದಕ್ಕೆ ಕೆ ಜೀವಸತ್ವ ಬೇಕು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬುವರು ಕೋಳಿಮರಿಗಳಿಗೆ ಕೊಬ್ಬಿನಂಶ ತೆಗೆದ ಮೇವು ಹಾಕಿ ನೋಡುತ್ತಿದ್ದಾಗ ಮರಿಗಳ ಚರ್ಮದಡಿ ರಕ್ತ ಸೋರುವುದನ್ನು ಕಂಡು ಇದನ್ನು ಪತ್ತೆ ಮಾಡಿದರು. ಹೆಪ್ಪುಗಟ್ಟುವುದಕ್ಕೆ ಅವರ ಕಡೆ ಇರುವ ಪದದ ಮೊದಲಕ್ಷರವೇ 'ಕೆ'. 1943ರ ನೊಬೆಲ್ ಬಹುಮಾನ ಅವರಿಗೂ ಅಮೆರಿಕದ ಡಾಯ್ಸಿ ಅವರಿಗೂ ಬಂತು. ನಮ್ಮ ಮಾತ್ರೆ ಮಾಡುವ ಕೆಲಸ ಏನೆಂದರೆ ಆ ಕೆ ಜೀವಸತ್ವಕ್ಕೆ ಅಡ್ಡ ನಿಲ್ಲುವುದು. ಆ ಕೆ ಹೆಚ್ಚಾಗಿ ಇರುವುದು ಹಸಿರು ಸೊಪ್ಪಿನಲ್ಲಿ. ಕೊಬ್ಬರಿ ತೂಗುವ ತಕ್ಕಡಿ ನೋಡಿದ್ದೀರಲ್ಲ, ಒಂದು ತಟ್ಟೆಯಲ್ಲಿ ಸೊಪ್ಪು, ಇನ್ನೊಂದರಲ್ಲಿ ಮಾತ್ರೆ. ಮುಳ್ಳು ನಡುವೆ ನಿಲ್ಲಬೇಕು.

ಆ ಮುಳ್ಳು ಎಲ್ಲಿದೆ ಅಂತ ತಿಳಿಸುವ ರಕ್ತಪರೀಕ್ಷೆಯೇ ಐ.ಎನ್.ಆರ್. ಮಾತ್ರೆ ನುಂಗದ ಆರೋಗ್ಯವಂತರಿಗೆ ಅದು ಸುಮಾರು 1 ಇರುತ್ತದೆ. ನನಗೆ 2.5ರಿಂದ 3.5ರ ಒಳಗೆ ಇರಬೇಕು ಅಂತ ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರೆ. ಇದು ನನ್ನ ಲೆಕ್ಕ. ಯಾವ ಕವಾಟ, ಯಾವ ಕಾಯಿಲೆ ಅನ್ನುವುದರ ಮೇಲೆ ಒಬ್ಬೊಬ್ಬರ ಲೆಕ್ಕ ಒಂದೊಂದು. ನಿಮ್ಮದು ನಿಮ್ಮ ಪುಸ್ತಕದಲ್ಲಿರುತ್ತದೆ.

ಆಸ್ಪತ್ರೆಯಿಂದ ಬರುವಾಗ ನನ್ನದು 2.8 ಇತ್ತು. ಮನೆಗೆ ಬಂದ ದಿನವೇ ನೆಂಟರೊಬ್ಬರು, "ಇನ್ನು ಮೇಲೆ ಸೊಪ್ಪು ಅಂದ್ರೆ ವಿಷ ಕಣಮ್ಮ ನಿಂಗೆ" ಅಂದರು. ಸೊಸೆ ಹೆದರಿ ಕೊತ್ತಂಬರಿ ಸೊಪ್ಪು ಕೂಡ ಒಳಗೆ ತರುವುದು ಬಿಟ್ಟಳು. ಬರೀ ತಿಳಿಸಾರು, ಅನ್ನ, ಬದನೆಕಾಯಿ ಪಲ್ಯ. ಐದಾರು ವಾರ ಕಳೆಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಾಯೆಲ್ಲ ರಕ್ತ. ತೋಳಿನ ಮೇಲೆ, ಯಾರೂ ಹೊಡೆಯದೆ ಬಡಿಯದೆ, ನೇರಳೆ ಹಣ್ಣಿನ ಬಣ್ಣದ ಮಚ್ಚೆಗಳು. ಪರೀಕ್ಷೆ ಮಾಡಿಸಿದರೆ 5.1! ಸೊಪ್ಪಿನ ತಟ್ಟೆ ಖಾಲಿಯಾಗಿತ್ತು, ಮಾತ್ರೆಯ ತಟ್ಟೆ ಭಾರವಾಗಿ ಕೂತಿತ್ತು. ಮಾತ್ರೆ ಕಡಿಮೆ ಮಾಡಿದರು. ಊಟದ ವಿಷಯ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲೇ ನಾನು ಎಡವಿದ್ದು.

ಶ್ರಾವಣದಲ್ಲಿ ನನ್ನ ತಂಗಿ ಬಂದಳು. "ಅಕ್ಕಯ್ಯ, ಹಿಂಗೆ ಕಡ್ಡಿ ಆಗಿದ್ದೀಯಲ್ಲ!" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಇಳಿದಳು. ಮಳೆ ಬಿದ್ದು ಹೊಲದ ಬದುವಿನ ಮೇಲೆಲ್ಲ ಬೆರಕೆ ಸೊಪ್ಪು ಕೊಬ್ಬಿ ನಿಂತಿತ್ತು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಹಿತ್ತಿಲಿನ ನುಗ್ಗೆ ಸೊಪ್ಪು... ಹತ್ತು ದಿನ ಮಸ್ಸೊಪ್ಪು, ಬಸ್ಸಾರು, ನುಗ್ಗೆ ಸೊಪ್ಪಿನ ಪಲ್ಯ. ಎರಡೆರಡು ಮುದ್ದೆ ಉಂಡೆ. ಸತ್ಯ ಹೇಳುತ್ತೇನೆ, ಆ ಹತ್ತು ದಿನದ ಊಟದ ರುಚಿ ಇವತ್ತಿಗೂ ನಾಲಗೆ ಮೇಲಿದೆ. ಆದರೆ ತಿಂಗಳ ಪರೀಕ್ಷೆಗೆ ಹೋದಾಗ ಐ.ಎನ್.ಆರ್. 1.6ಕ್ಕೆ ಇಳಿದಿತ್ತು. ಡಾಕ್ಟರ್ ಕನ್ನಡಕ ತೆಗೆದು ಕೆಳಗಿಟ್ಟರು. ಮೊದಲು ಸ್ಟೆತಾಸ್ಕೋಪಿನಲ್ಲಿ ಟಿಕ್ ಟಿಕ್ ಸರಿಯಾಗಿ ಕೇಳುತ್ತಿದೆಯಾ ಅಂತ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ವಾಲ್ವಿನ ಸ್ಕ್ಯಾನ್. ಪುಣ್ಯಕ್ಕೆ ಹೆಪ್ಪು ಕೂತಿರಲಿಲ್ಲ. ಆದರೂ ಲೆಕ್ಕ ಮೇಲೆ ಬರುವವರೆಗೂ ದಿನಕ್ಕೆರಡು ಸಲ ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿಸಿಕೊಂಡೆ. ತಂಗಿ ಮೂಲೆಯಲ್ಲಿ ಕೂತು ಅತ್ತಳು. ಅವಳದೇನು ತಪ್ಪು? ಪ್ರೀತಿಯಿಂದ ಬಡಿಸಿದ್ದಳು. ಸೊಸೆಯೂ ಪ್ರೀತಿಯಿಂದಲೇ ಸೊಪ್ಪು ನಿಲ್ಲಿಸಿದ್ದಳು.

ಆವತ್ತು ಡಾಕ್ಟರ್ ಮಾತ್ರೆಯ ಚೀಟಿ ಪಕ್ಕಕ್ಕಿಟ್ಟು, "ಮನೇಲಿ ಏನೇನು ಅಡಿಗೆ ಮಾಡ್ತೀರಿ ಹೇಳಿ ತಾಯಿ" ಅಂತ ಕೇಳಿದರು. ಎಲ್ಲ ಹೇಳಿದೆ. "ಸೊಪ್ಪು ಬಿಡಿ ಅಂತ ನಾನು ಹೇಳಿದ್ನಾ? ತಿನ್ನಿ. ಆದ್ರೆ ಈ ವಾರ ಎಷ್ಟು ತಿಂತೀರೋ ಮುಂದಿನ ವಾರಾನೂ ಅಷ್ಟೇ ತಿನ್ನಿ. ನಿಮ್ಮ ಊಟಕ್ಕೆ ಮಾತ್ರೆ ಹೊಂದಿಸೋದು ನನ್ನ ಕೆಲಸ. ಊಟ ದಿನಕ್ಕೊಂದು ಥರ ಕುಣಿದರೆ ನಾನೇನು ಹೊಂದಿಸಲಿ?" ಅಂದರು. ಸೊಪ್ಪನ್ನು ಪೂರ್ತಿ ಬಿಟ್ಟವರ ಮೈಯಲ್ಲಿ ಕೆ ದಾಸ್ತಾನು ಕಡಿಮೆ ಇರುತ್ತದೆ, ಆಗ ಅಪರೂಪಕ್ಕೆ ಒಂದು ದಿನ ತಿಂದರೂ ಮುಳ್ಳು ಜೋರಾಗಿ ತೂಗಾಡುತ್ತದೆ ಅಂತಲೂ ಹೇಳಿದರು.

ಅಷ್ಟೇ ತಿನ್ನಿ ಅಂದರೆ ಎಷ್ಟು? ನಾವು ಹೆಂಗಸರು ಸೊಪ್ಪನ್ನು ಅಳೆದವರಲ್ಲ, ಹಿಡಿ ಲೆಕ್ಕ, ಕಟ್ಟಿನ ಲೆಕ್ಕ. ಸಂತೆಯ ಕಟ್ಟು ಮಳೆಗಾಲದಲ್ಲಿ ತೋಳಿನಷ್ಟು ದಪ್ಪ, ಬೇಸಿಗೆಯಲ್ಲಿ ಹೆಬ್ಬೆರಳಿನಷ್ಟು. ಮನೆಗೆ ಬಂದು ಇದನ್ನೇ ಗೊಣಗುತ್ತಿದ್ದಾಗ ಮೊಮ್ಮಗಳು ಹಿತ್ತಿಲಿಗೆ ಓಡಿ ಒಂದು ಕರಟ ತಂದಳು. ಕಾಯಿ ಹೆರೆದ ಮೇಲೆ ಒಲೆಗೆ ಹಾಕಲು ಇಟ್ಟದ್ದು. ಕಣ್ಣಿಲ್ಲದ ಕಡೆಯ ಹೋಳು. ಅದರ ನಾರು ತೆಗೆದು, ಗಾಜಿನ ಚೂರಿನಿಂದ ಅವರ ತಾತ ಹೆರೆದು ನುಣುಪು ಮಾಡಿಕೊಟ್ಟರು. ಅದೇ ನನ್ನ ಅಳತೆ. ಬೇಯಿಸಿದ ಸೊಪ್ಪು ಒಂದು ಕರಟ, ವಾರಕ್ಕೆ ನಾಲ್ಕು ದಿನ, ಬೇಸಿಗೆಯಾಗಲಿ ಮಳೆಗಾಲವಾಗಲಿ. ಡಾಕ್ಟರಿಗೆ ಆ ಕರಟವನ್ನೇ ತೋರಿಸಿ ಒಪ್ಪಿಗೆ ಪಡೆದೆ. ಹಸಿಯಾಗಿದ್ದಾಗ ಅಳೆಯಬೇಡಿ, ಬೆಂದ ಮೇಲೆ ಸೊಪ್ಪು ಇಳಿದುಹೋಗಿ ಲೆಕ್ಕ ತಪ್ಪುತ್ತದೆ. ಇನ್ನೊಂದು ಮಾತು, ಎಲ್ಲ ಹಸಿರೂ ಒಂದೇ ಅಲ್ಲ. ನೂರು ಗ್ರಾಂ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ ಕೆ ಇದ್ದರೆ ಅಷ್ಟೇ ಎಲೆಕೋಸಿನಲ್ಲಿ 76, ಕ್ಯಾರೆಟ್‌ನಲ್ಲಿ 13, ಟೊಮೆಟೊದಲ್ಲಿ 8, ಸಿಹಿಗುಂಬಳದಲ್ಲಿ 1ರ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 90ರಿಂದ 120. ಅದಕ್ಕೇ ಒಂದು ವಾರ ಪೂರ್ತಿ ಪಾಲಕ್, ಮರು ವಾರ ಪೂರ್ತಿ ಎಲೆಕೋಸು ಅಂತ ಮಾಡಬಾರದು. ಕೊತ್ತಂಬರಿ ಸೊಪ್ಪನ್ನು ಒಗ್ಗರಣೆಗೆ ಉದುರಿಸಿದರೆ ಲೆಕ್ಕಕ್ಕಿಲ್ಲ, ಕಟ್ಟುಗಟ್ಟಲೆ ರುಬ್ಬಿ ಚಟ್ನಿ ಮಾಡಿದರೆ ಅದೂ ಸೊಪ್ಪೇ.

ಬಸ್ಸಾರಿನ ಬಗ್ಗೆ ನಮ್ಮ ಕಡೆ ಒಂದು ನಂಬಿಕೆ ಇದೆ. ಸೊಪ್ಪು ಬೇಯಿಸಿ ನೀರು ಬಸಿದರೆ 'ಸತ್ವವೆಲ್ಲ' ಕಟ್ಟಿಗೆ ಹೋಯಿತು, ಪಲ್ಯ ಬರೀ ಚರಟ, ಎಷ್ಟು ತಿಂದರೂ ಏನೂ ಆಗದು ಅಂತ. ಬೇರೆ ಕೆಲವು ಸತ್ವಗಳ ಮಟ್ಟಿಗೆ ಸ್ವಲ್ಪ ನಿಜವಿರಬಹುದು. ಆದರೆ ಕೆ ನೀರಿನಲ್ಲಿ ಕರಗುವ ಜಾತಿಯದಲ್ಲ, ಎಣ್ಣೆಯಲ್ಲಿ ಕರಗುವಂಥದ್ದು. ಬೇಯಿಸಿದರೂ ಹೆಚ್ಚು ನಾಶವಾಗುವುದಿಲ್ಲ. ಆದ್ದರಿಂದ ಬಸಿದ ಕಟ್ಟಿನಲ್ಲಿ ಅದು ಬಹಳ ಕಡಿಮೆ, ಪಲ್ಯದಲ್ಲೇ ಹೆಚ್ಚು. ನನಗಂತೂ ಇದು ತಿಳಿದ ದಿನ ಹಬ್ಬ. ಬಸ್ಸಾರನ್ನು ಮುದ್ದೆಗೆ ಧಾರಾಳವಾಗಿ ಹಾಕಿಕೊಂಡು, ಪಲ್ಯವನ್ನು ಮಾತ್ರ ಕರಟದಲ್ಲಿ ಅಳೆದುಕೊಳ್ಳುತ್ತೇನೆ. ಖಾರ ರುಬ್ಬುವಾಗ ಬೆಂದ ಸೊಪ್ಪು ಕಾಳು ಒಂದು ಹಿಡಿ ಸೇರಿಸುತ್ತೇವಲ್ಲ, ಈಗ ಬರೀ ಕಾಳು ಸೇರಿಸುತ್ತೇನೆ. ರುಚಿಗೇನೂ ಕೊರತೆಯಿಲ್ಲ.

ಕಲ್ಪತರು ನಾಡಿನವರ ದೊಡ್ಡ ಪ್ರಶ್ನೆ ಇದ್ದೇ ಇದೆ, ತೆಂಗು ತಿನ್ನಬಹುದಾ? ಆಪರೇಷನ್ ಆಗಿ ಬಂದಾಗ ನನ್ನನ್ನು ನೋಡಲು ಬಂದವರೆಲ್ಲ ಎಳನೀರು ತಂದಿದ್ದರು, ಜಗುಲಿ ತುಂಬ ಬುರುಡೆ. ಕಾಯಿಯಲ್ಲಾಗಲಿ, ಕೊಬ್ಬರಿಯಲ್ಲಾಗಲಿ, ಕೊಬ್ಬರಿ ಎಣ್ಣೆಯಲ್ಲಾಗಲಿ ಕೆ ಇಲ್ಲವೆನ್ನುವಷ್ಟು ಕಡಿಮೆ. ಐ.ಎನ್.ಆರ್. ಮಟ್ಟಿಗೆ ತೆಂಗು ಸಾಧು. ಆದರೆ ಅದರಲ್ಲಿರುವ ಕೊಬ್ಬು ಹೃದಯಕ್ಕೆ ಅಷ್ಟು ಹಿತವಲ್ಲದ ಬಗೆಯದು. ಸಾರಿಗೆ ಒಂದಿಷ್ಟು ಕಾಯಿ ರುಬ್ಬಿ ಹಾಕಿ, ಕೊಬ್ಬರಿ ಬೆಲ್ಲವನ್ನು ಮೊಮ್ಮಕ್ಕಳಿಗೆ ಬಿಡಿ ಅಂತ ನನಗೆ ಹೇಳಿದ್ದಾರೆ. ಬಿಟ್ಟಿದ್ದೇನೆ, ಬಹುಮಟ್ಟಿಗೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೃದ್ರೋಗಿಗಳಿಗೆ ಕೊಡುವ ಕೆಲವು ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ, ಮೂತ್ರಪಿಂಡ ಸೋತವರಿಗೂ ಅದು ಉಳಿಯುತ್ತದೆ. ಅಂಥವರು ಕೇಳಿಯೇ ಕುಡಿಯಬೇಕು. ಅಡುಗೆ ಎಣ್ಣೆ ಬದಲಾಯಿಸುವಾಗಲೂ ಗಮನವಿರಲಿ. ಕಡಲೆಕಾಯಿ ಎಣ್ಣೆಯಲ್ಲಿ ಕೆ ಬಹಳ ಕಡಿಮೆ, ಸೋಯಾ ಎಣ್ಣೆಯಲ್ಲಿ ಸಾಕಷ್ಟಿದೆ. ಸೊಪ್ಪು ಒಂದೇ ಅಳತೆಯಲ್ಲಿದ್ದರೂ ಎಣ್ಣೆ ಬದಲಾಗಿ ಮುಳ್ಳು ಅಲುಗುವುದುಂಟು.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿದ್ದು ಮಾತ್ರೆಗಾಗಿ ಅಲ್ಲ, ಹೃದಯಕ್ಕೆ ಉಪ್ಪು ಆಗದು ಅಂತ. ರಾಗಿ, ಕಾಳು, ಮಜ್ಜಿಗೆ, ಹಣ್ಣು ಎಲ್ಲ ಹಿಂದಿನಂತೆಯೇ.

ಹಬ್ಬ ಬಂದರೆ ನನಗೀಗ ಸ್ವಲ್ಪ ಭಯ. ಶಿವರಾತ್ರಿಗೆ ದಿನವೆಲ್ಲ ಉಪವಾಸ, ಮದುವೆಮನೆಯಲ್ಲಿ ಮೂರು ದಿನ ಊಟ, ವಾಂತಿ ಭೇದಿಯಾದರೆ ನಾಲ್ಕು ದಿನ ಬರೀ ಗಂಜಿ, ಇವೆಲ್ಲ ತಕ್ಕಡಿಯನ್ನು ಅಲುಗಿಸುತ್ತವೆ. ನಾನು ಶಿವರಾತ್ರಿ ಜಾಗರಣೆ ಮಾಡುತ್ತೇನೆ, ಉಪವಾಸ ಬಿಟ್ಟಿದ್ದೇನೆ. ಶಿವನಿಗೆ ನನ್ನ ಐ.ಎನ್.ಆರ್. ಗೊತ್ತಿದೆ.

ಊಟಕ್ಕಿಂತ ದೊಡ್ಡ ಅಪಾಯ ಒಂದಿದೆ, ಅದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ. ಮಂಡಿ ನೋವು ಅಂತ ಐಬುಪ್ರೊಫೆನ್, ಡೈಕ್ಲೊಫಿನಾಕ್ ನುಂಗಿದರೆ ಹೊಟ್ಟೆಯೊಳಗೇ ರಕ್ತ ಸೋರಬಹುದು. ಕೆಲವು ಆ್ಯಂಟಿಬಯೋಟಿಕ್‌ಗಳು ಐ.ಎನ್.ಆರ್. ಅನ್ನು ಒಮ್ಮೆಲೇ ಏರಿಸುತ್ತವೆ. ಜಾತ್ರೆಯಲ್ಲಿ ಮಾರುವ, ಏನಿದೆ ಅಂತ ಹೆಸರಿಲ್ಲದ ಚೂರ್ಣವೂ ಹಾಗೇ, ಮದ್ಯವೂ ಹಾಗೇ. ಯಾವ ಡಾಕ್ಟರ ಬಳಿ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ಮೊದಲ ಮಾತೇ "ನಾನು ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ತೀನಿ" ಅಂತಿರಬೇಕು. ಹಾಗಂತ ಹಲ್ಲು ಕೀಳಿಸುವ ಮುಂಚೆ ನೀವೇ ಮಾತ್ರೆ ನಿಲ್ಲಿಸಲೂಬಾರದು.

ನಮ್ಮ ಎದುರುಮನೆಯವರೊಬ್ಬರು ಇದೇ ಕೆಲಸದ ಹೊಸ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೆ ಸೊಪ್ಪಿನ ಲೆಕ್ಕವೂ ಇಲ್ಲ, ತಿಂಗಳ ಪರೀಕ್ಷೆಯೂ ಇಲ್ಲ. ನನಗೂ ಅದೇ ಕೊಡಿ ಅಂತ ಕೇಳಿದೆ. ಅವರದು ಹೃದಯದ ಬಡಿತ ಏರುಪೇರಾಗುವ ಕಾಯಿಲೆ, ಲೋಹದ ವಾಲ್ವಲ್ಲ. ಲೋಹದ ವಾಲ್ವಿನವರಿಗೆ ಅಂಥ ಒಂದು ಹೊಸ ಮಾತ್ರೆ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಹೆಪ್ಪೂ ಹೆಚ್ಚಾಗಿ ರಕ್ತಸ್ರಾವವೂ ಹೆಚ್ಚಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಿದರಂತೆ. ಹಾಗಾಗಿ ಪಕ್ಕದ ಮನೆಯವರ ಮಾತ್ರೆಯೂ ಬೇಡ, ಅವರ ಪಥ್ಯವೂ ಬೇಡ.

ಈಗ ಮೊಮ್ಮಕ್ಕಳಿಗೆ ಕೆಲಸ. ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಮಾತ್ರೆ ಕೊಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮೊಮ್ಮಗಳು. ಸೊಪ್ಪು ತಿಂದ ದಿನ ಹಸಿರು ಪೆನ್ಸಿಲಿನಲ್ಲಿ ಒಂದು ಎಲೆ ಬರೆಯುತ್ತಾಳೆ. ತಿಂಗಳ ಕೊನೆಗೆ ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸುತ್ತೇನೆ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬಾರದು ಅನ್ನುವುದು ಅವಳಿಗೆ ಬಾಯಿಪಾಠ. ಅಜ್ಜಿ ಜಾರಿ ಬಿದ್ದು ತಲೆಗೆ ಪೆಟ್ಟಾದರೆ, ಮೇಲೆ ಗಾಯ ಕಾಣದಿದ್ದರೂ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಮಲ ಡಾಂಬರಿನಂತೆ ಕಪ್ಪಗಾದರೆ, ಮಾತು ತೊದಲಿದರೆ, ಬಾಯಿ ಒಂದು ಕಡೆಗೆ ವಾಲಿದರೆ, ಎದೆಯ ಟಿಕ್ ಟಿಕ್ ಸದ್ದು ಮಂಕಾಗಿ ಉಸಿರು ಕಟ್ಟಿದರೆ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಬೇಕು ಅಂತ ಕ್ಯಾಲೆಂಡರಿನ ಹಿಂದೆ ಅವಳೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ಅಕ್ಷರ ತಪ್ಪು ಎರಡಿದೆ. ತಿದ್ದಿಲ್ಲ.

ಸಂತೆಯ ಹಿರಿಯರ ಕತೆ ಮುಗಿದಿಲ್ಲವಲ್ಲ. ಆವತ್ತು ಅವರಿಗೆ ನಾನು, "ತಿನ್ನಿ" ಅಂತ ಹೇಳಲಿಲ್ಲ. ಮೂರು ತಿಂಗಳು ಬಿಟ್ಟವರು ಏಕಾಏಕಿ ಶುರು ಮಾಡಿದರೆ ನನ್ನ ತಂಗಿ ಬಂದ ಶ್ರಾವಣವೇ ಆದೀತು. "ಮೊದಲು ನಿಮ್ಮ ಡಾಕ್ಟರನ್ನ ಕೇಳಿ, ಸೊಪ್ಪು ಮತ್ತೆ ಶುರು ಮಾಡ್ತೀನಿ, ಎಷ್ಟು ತಿನ್ನಲಿ, ಯಾವಾಗ ರಕ್ತ ಪರೀಕ್ಷೆ ಮಾಡಿಸಲಿ ಅಂತ ಕೇಳಿಕೊಂಡು ಬನ್ನಿ" ಅಂದೆ. ಹೋಗಿದ್ದರಂತೆ. ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ, ವಾರದಲ್ಲೇ ಪರೀಕ್ಷೆಗೆ ಬನ್ನಿ ಅಂದಿದ್ದಾರಂತೆ.

ಈ ವಾರ ಮತ್ತೆ ಸಂತೆಯಲ್ಲಿ ಸಿಕ್ಕರು. ದಂಟಿನ ಸೊಪ್ಪಿನ ಒಂದೇ ಒಂದು ಕಟ್ಟಿಗೆ ಸೊಪ್ಪಿನವಳ ಜೊತೆ ಕಾಲು ಗಂಟೆ ಚೌಕಾಸಿ ನಡೆದಿತ್ತು. ನನ್ನನ್ನು ಕಂಡು ಚೀಲದಿಂದ ಏನೋ ತೆಗೆದು ತೋರಿಸಿದರು. ಕರಟ. ನಮ್ಮದಕ್ಕಿಂತ ಒಂದೂವರೆ ಪಟ್ಟು ದೊಡ್ಡದು.

ನನ್ನ ಕೈ ಹಿಡಿದುಕೊಂಡಿದ್ದ ಮೊಮ್ಮಗಳು ಅದನ್ನು ತಿರುಗಿಸಿ ಮರುಗಿಸಿ ನೋಡಿ, "ತಾತ, ಇದನ್ನ ಡಾಕ್ಟ್ರಿಗೆ ತೋರಿಸಿದ್ರಾ?" ಅಂತ ಕೇಳಿದಳು.

"ಇಲ್ಲ ಕಣವ್ವ."

"ಹಂಗಾದ್ರೆ ಇವತ್ತು ಅರ್ಧ ಕರಟ," ಅಂದಳು. "ಒತ್ತಿ ತುಂಬಂಗಿಲ್ಲ."